ಸರ್ಪಸುತ್ತು: ಲಸಿಕೆಗಿಂತ ಮೊದಲು 72 ಗಂಟೆಯ ಮಾತಾಡಿ

ಮನೆಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ, ಆಮೇಲೆ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಇಷ್ಟು ಮಾಡಿದ ಸರ್ಕಾರ ವೃದ್ಧರಿಗೆ ಸರ್ಪಸುತ್ತಿನ ಲಸಿಕೆಯನ್ನೂ ಉಚಿತವಾಗಿ ಕೊಡಲಿ ಎನ್ನುವವರಿದ್ದಾರೆ. ಬೇಡಿಕೆ ಸರಿ, ಸರದಿ ತಪ್ಪು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಹೋಬಳಿಯ ಅಜ್ಜಿಗೆ ಮೊದಲು ಬೇಕಾಗಿರುವುದು ಗುಳ್ಳೆ ಎದ್ದ 72 ಗಂಟೆಯೊಳಗೆ ಕೈಗೆ ಸಿಗುವ ಅಸೈಕ್ಲೊವಿರ್ ಮಾತ್ರೆ.

ಲಸಿಕೆಯ ಶಕ್ತಿಯ ಬಗ್ಗೆ ತಕರಾರಿಲ್ಲ. 2023ರಲ್ಲಿ ಭಾರತಕ್ಕೆ ಬಂದ ಶಿಂಗ್ರಿಕ್ಸ್, 50 ದಾಟಿದವರ ಮೇಲಿನ ದೊಡ್ಡ ಪ್ರಯೋಗದಲ್ಲಿ ಶೇ 97ರಷ್ಟು ರಕ್ಷಣೆ ಕೊಟ್ಟಿದೆ. ಕೊಳ್ಳುವ ಶಕ್ತಿಯಿರುವವರು ಹಾಕಿಸಿಕೊಳ್ಳಲಿ. ಆದರೆ ಎರಡು ಡೋಸ್ ಸೇರಿ ಸುಮಾರು 20 ಸಾವಿರ ರೂಪಾಯಿ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200. ಹದಿನಾರು ತಿಂಗಳ ಹಣವನ್ನು ಒಂದು ಪೈಸೆ ಮುಟ್ಟದೆ ಕೂಡಿಟ್ಟರೂ ಸಾಲದು. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ 60 ದಾಟಿದವರು ಸುಮಾರು 58 ಲಕ್ಷ. ಅಷ್ಟು ಮಂದಿಗೆ ಈ ದರದಲ್ಲಿ 11,600 ಕೋಟಿ ಬೇಕು. ಸಗಟು ಖರೀದಿಯಲ್ಲಿ ಬೆಲೆ ಅರ್ಧಕ್ಕಿಳಿದರೂ ಮೊತ್ತ ಸಣ್ಣದಾಗುವುದಿಲ್ಲ. ಬ್ರಿಟನ್ 2013ರಿಂದ, ಆಸ್ಟ್ರೇಲಿಯಾ ಅದಕ್ಕೂ ತುಸು ಆಮೇಲಿನಿಂದ ವೃದ್ಧರಿಗೆ ಲಸಿಕೆ ಕೊಡುತ್ತಿವೆ ನಿಜ. ನಮ್ಮ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿ ವೃದ್ಧರಿಗೆಂದೇ ಒಂದು ಲಸಿಕೆಯೂ ಇಲ್ಲ. ಆ ದಾರಿ ದೂರವಿದೆ. ಅಲ್ಲಿಯವರೆಗೆ ಸರ್ಪಸುತ್ತು ಕಾದು ಕೂರುತ್ತದೆಯೇ?

ಈಗ 72 ಗಂಟೆಗೆ ಬರೋಣ. ಗುಳ್ಳೆ ಕಾಣುವುದಕ್ಕೆ ಎರಡು ಮೂರು ದಿನ ಮುಂಚೆಯೇ ಪಕ್ಕೆಯ ಒಂದು ಮಗ್ಗುಲು ಉರಿಯತೊಡಗುತ್ತದೆ. ಮೆಕ್ಕೆಜೋಳದ ಹೊಲದಲ್ಲಿ ಬಗ್ಗಿ ದುಡಿದ ಮೈ, ಎಲ್ಲೋ ಉಳುಕಿರಬೇಕೆಂದು ಎಣ್ಣೆ ತಿಕ್ಕುತ್ತಾರೆ. ಆಮೇಲೆ ಬೆನ್ನಿಂದ ಎದೆಯ ಕಡೆಗೆ ಕೆಂಪು ಪಟ್ಟಿ, ಅದರ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು. ಕುಪ್ಪಸ ಸೋಕಿದರೂ ಕೆಂಡ ಮುಟ್ಟಿದಂತೆ. ಅಷ್ಟರಲ್ಲಿ ಮನೆಯಲ್ಲಿ ಒಂದೇ ಮಾತು: ‘ತಲೆ, ಬಾಲ ಕೂಡಿದರೆ ಜೀವಕ್ಕೆ ಕುತ್ತು.’ ಕೆಮ್ಮಣ್ಣು ಕಲಸಿ ಹಚ್ಚುತ್ತಾರೆ, ವಾರ ನೋಡಿ ಮಂತ್ರ ಹಾಕಿಸುತ್ತಾರೆ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ವೈರಾಣು ನರದ ಬುಡದಲ್ಲಿ ಅಡಗಿದ್ದು, ಒಂದು ನರದ ಹಾದಿ ಹಿಡಿದು ಒಂದೇ ಮಗ್ಗುಲಲ್ಲಿ ಏಳುವುದರಿಂದ ಸಾಮಾನ್ಯವಾಗಿ ಸುತ್ತು ಪೂರ್ತಿಯಾಗುವುದೇ ಇಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ತಾನಾಗಿ ಒಣಗುತ್ತದೆ. ಮಂತ್ರಕ್ಕೆ ಹೆಸರು ಬರುವುದು ಅದರಿಂದಲೇ. ಅಷ್ಟು ಹೊತ್ತಿಗೆ ಔಷಧದ ಹೊತ್ತು ಮೀರಿರುತ್ತದೆ.

ಚಿಕಿತ್ಸೆ ಹೊಸದೂ ಅಲ್ಲ, ದುಬಾರಿಯೂ ಅಲ್ಲ. 800 ಮಿಲಿಗ್ರಾಂ ಮಾತ್ರೆ ದಿನಕ್ಕೆ ಐದು ಸಲ, ಏಳು ದಿನ. ಒಟ್ಟು 35 ಮಾತ್ರೆ. ಜೆನೆರಿಕ್ ತೆಗೆದುಕೊಂಡರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಮೂತ್ರಪಿಂಡ ಸೊರಗಿದ್ದರೆ ಡೋಸ್ ಇಳಿಸಬೇಕು, ಅದನ್ನು ವೈದ್ಯರೇ ನಿರ್ಧರಿಸಬೇಕು. ಈ ಮಾತ್ರೆ ನುಂಗಿದರೆ ತಿಂಗಳುಗಟ್ಟಲೆ ಕಾಡುವ ನರದ ನೋವು ಬರುವುದೇ ಇಲ್ಲ ಎಂದು ಹೇಳಲಾಗದು. ಅಷ್ಟು ಗಟ್ಟಿ ಪುರಾವೆ ಇಲ್ಲ, ಆ ವಿಷಯದಲ್ಲಿ ಲಸಿಕೆಯದೇ ಮೇಲುಗೈ. ಆದರೆ ಹುಣ್ಣು ಬೇಗ ಮಾಯುತ್ತದೆ, ಮೊದಲ ದಿನಗಳ ಯಾತನೆ ತಗ್ಗುತ್ತದೆ, ಕಣ್ಣಿಗೆ ಹಬ್ಬಿದಾಗ ದೃಷ್ಟಿಗೆ ಬರುವ ಅಪಾಯ ಕಡಿಮೆಯಾಗುತ್ತದೆ. ರಾತ್ರಿಯಿಡೀ ಮಗ್ಗುಲು ಬದಲಿಸಲಾರದೆ ಕೂತ ಮುದುಕಿಗೆ ಇದು ಸಣ್ಣ ಲಾಭವೇ?

ಹೊತ್ತು ಮೀರುವ ಮೊದಲೇ ಔಷಧ ಮುಟ್ಟಿಸುವುದಕ್ಕೆ ಪೂರ್ವನಿದರ್ಶನ ನಮ್ಮ ರಾಜ್ಯದಲ್ಲೇ ಇದೆ, ಯಾರೂ ಅದರತ್ತ ನೋಡುತ್ತಿಲ್ಲ. ಹಾವು ಕಡಿದಾಗಲೂ ಹಳ್ಳಿಯ ಮೊದಲ ಓಟ ಮಂತ್ರದವರ ಮನೆಗೇ ಇತ್ತು; ಅಲ್ಲೂ ಗಂಟೆಗಳೇ ಜೀವ ಉಳಿಸುವುದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿ, ಪ್ರತಿ ಪ್ರಕರಣವನ್ನೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಎಣಿಸಿದಾಗಲೇ ಔಷಧದ ಇಂಡೆಂಟ್‌ಗೆ ಆಧಾರ ಸಿಗುತ್ತದೆ. ಸರ್ಪಸುತ್ತಿಗೆ ಅಷ್ಟು ದೊಡ್ಡ ಆದೇಶವೂ ಬೇಡ. ಗೃಹ ಆರೋಗ್ಯದ ನಮೂನೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಮೈಯ ಒಂದೇ ಮಗ್ಗುಲಲ್ಲಿ ಉರಿ, ಗುಳ್ಳೆ ಇದೆಯೇ? ಸಕ್ಕರೆ ಕಾಯಿಲೆಯವರಲ್ಲಿ ಸರ್ಪಸುತ್ತಿನ ಸಾಧ್ಯತೆ ಹೆಚ್ಚು. ಆ ತಂಡ ಬಾಗಿಲು ತಟ್ಟುವುದೂ ಅವರ ಮನೆಯನ್ನೇ.

70 ದಾಟಿದವರಿಗೆ ಕೇಂದ್ರ 2024ರಲ್ಲಿ ತಂದ 5 ಲಕ್ಷದ ಆಯುಷ್ಮಾನ್ ರಕ್ಷೆಯನ್ನು ಇಲ್ಲಿ ಉತ್ತರವಾಗಿ ಮುಂದಿಡಬೇಡಿ. ಅದು ಆಸ್ಪತ್ರೆಗೆ ದಾಖಲಾದವರಿಗೆ. ಸರ್ಪಸುತ್ತಿನವರು ಹೆಚ್ಚಾಗಿ ಚೀಟಿ ಬರೆಸಿಕೊಂಡು ಮನೆಗೆ ಮರಳುವವರು. ಹರಪನಹಳ್ಳಿ 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕಡತ ಜಿಲ್ಲಾ ಕೇಂದ್ರ ಹೊಸಪೇಟೆಗೆ ಹೋದರೂ ಕಾಯಿಲೆಯವರ ಕಾಲು ಇಂದಿಗೂ ದಾವಣಗೆರೆಯತ್ತಲೇ. ಮಗ ಬಿಡುವು ಮಾಡಿಕೊಂಡು ಅಲ್ಲಿಗೆ ಕರೆದೊಯ್ಯುವಷ್ಟರಲ್ಲಿ ಮೂರು ದಿನ ಕಳೆದಿರುತ್ತದೆ. ಆದ್ದರಿಂದ ಮಾತ್ರೆ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇರಬೇಕು, ವೈದ್ಯಾಧಿಕಾರಿ ನೋಡಿದ ದಿನವೇ ಶುರು ಮಾಡಬೇಕು. ಹಣೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರಿಗೆ ಕಳಿಸಬೇಕು. ಹುಣ್ಣು ಮಾಯ್ದ ಮೇಲೂ ನೋವು ಉಳಿದರೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ಅಲ್ಲೇ ಸಿಗಬೇಕು.

ಕೆಮ್ಮಣ್ಣು ಹಚ್ಚುವವರನ್ನು ಮೂಢರೆಂದು ಬೈಯುವ ಅಭಿಯಾನ ಮಾತ್ರ ಬೇಡ. ಬೈದರೆ ಜನ ರೋಗ ಮುಚ್ಚಿಡುತ್ತಾರೆ. ಆಶಾ ಕಾರ್ಯಕರ್ತೆಯರು ಮಂತ್ರ ಹಾಕುವವರ ಮನೆಗೂ ಹೋಗಿ, ಬಂದವರನ್ನು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕಳಿಸಿಕೊಡುವಂತೆ ಒಪ್ಪಿಸಬೇಕು. ಗುಳ್ಳೆ ಎದ್ದ ಸುದ್ದಿ ಮೊದಲು ಮುಟ್ಟುವುದು ಆ ಮನೆಗೇ.