ನಾಯಿಯ ತುರಿಕೆಗೆ ಚೀಲದ ಊಟವೊಂದೇ ಮದ್ದೇ?

ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದಲ್ಲಿ ನಮ್ಮ ಬಳಗದ ಗೆಳೆಯನೊಬ್ಬನ ಮನೆಯಿದೆ. ಆ ಮನೆಯ ನಾಯಿ ಕರಿಯಾ. ಬೇಸಿಗೆಯಲ್ಲಿ ಶುರುವಾದ ಅದರ ತುರಿಕೆ ಮಳೆಗಾಲ ಕಳೆದರೂ ನಿಲ್ಲಲಿಲ್ಲ. ಹೊಟ್ಟೆ, ಕಂಕುಳು ಕೆಂಪಾದವು. ಕಿವಿ ನಾತ ಹೊಡೆಯಿತು. ನೆಕ್ಕಿ ನೆಕ್ಕಿ ಪಾದ ಹುಣ್ಣಾಯಿತು. ಓಣಿಯವರು ಎರಡು ಸಲಹೆ ಕೊಟ್ಟರು. ಒಂದು, ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಮೈಗೆ ಬಳಿಯಿರಿ. ಎರಡು, ಮಕ್ಕಳಿರುವ ಮನೆ, ದೂರ ಒಯ್ದು ಬಿಟ್ಟು ಬನ್ನಿ.

ಎರಡನ್ನೂ ಮಾಡಲಿಲ್ಲ. ಸುಟ್ಟ ಆಯಿಲ್ ನಾಯಿಗೆ ವಿಷ. ಮೈ ನೆಕ್ಕಿದಾಗ ಅದು ಹೊಟ್ಟೆ ಸೇರುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬಾಡಿಗೆ ಗಾಡಿ ಮಾಡಿ ಕರಿಯಾನನ್ನು ಕಲಬುರಗಿಗೆ ಕರೆತಂದೆವು.

ವೈದ್ಯರು ಮೊದಲು ಉಣ್ಣೆ, ಚಿಗಟ, ಕಜ್ಜಿ ನೋಡಿದರು. ಇದು ಸರಿಯಾದ ಕ್ರಮ. ನಾಯಿ ಕೆರೆದುಕೊಂಡರೆ ಊಟದ ಮೇಲೆ ಅನುಮಾನ ಪಡುವ ಮೊದಲು ಹುಳುಗಳ ಮೇಲೆ ಪಡಬೇಕು. ಔಷಧಿಯಿಂದ ಅರ್ಧ ತುರಿಕೆ ಇಳಿಯಿತು, ಇನ್ನರ್ಧ ಉಳಿಯಿತು. ‘ಊಟದ ಅಲರ್ಜಿ ಇರಬಹುದು, ಅದಕ್ಕೆಂದೇ ಬರುವ ಆಹಾರ ಹಾಕಿ ನೋಡಿ’ ಎಂದರು.

ಪೇಟೆಯ ಅಂಗಡಿಯಲ್ಲಿ ಆ ಚೀಲದ ಬೆಲೆ ಕೇಳಿ ಸುಮ್ಮನೆ ಹೊರಬಂದೆವು. ಕಿಲೋಗೆ ಸಾವಿರ ರೂಪಾಯಿಗೂ ಹೆಚ್ಚು. ಹದಿನೈದು ಕಿಲೋ ತೂಕದ ನಾಯಿಗೆ ದಿನಕ್ಕೆ ಕಾಲು ಕಿಲೋ ಬೇಕು. ಎರಡು ತಿಂಗಳಿಗೆ ಸುಮಾರು 15 ಸಾವಿರ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ. ಮೂರು ದಿನ ಮಣ್ಣು ಹೊತ್ತರೆ ಒಂದು ಕಿಲೋ ನಾಯಿ ಊಟ! ಈ ಬೆಲೆಯಲ್ಲಿ ಶೇ 18 ಜಿಎಸ್‌ಟಿಯೂ ಸೇರಿದೆ. ದನದ ಮೇವಿಗೆ ತೆರಿಗೆಯಿಲ್ಲ. ಅದೇ ಕೊಟ್ಟಿಗೆ ಕಾಯುವ ನಾಯಿಯ ಊಟ ಮಾತ್ರ ಸರ್ಕಾರದ ಕಣ್ಣಿಗೆ ಶೋಕಿ.

ಆದರೆ ನಮ್ಮ ತಕರಾರು ಬೆಲೆಯ ಬಗ್ಗೆ ಮಾತ್ರವಲ್ಲ. ಆ ಚೀಲ ಕೆಟ್ಟದ್ದೆಂದೂ ನಾವು ಹೇಳುವುದಿಲ್ಲ. ಕೊಳ್ಳಲಾಗದವರಿಗೂ ಒಂದು ದಾರಿಯಿದೆ ಎಂದು ನಮಗೆ ಯಾರೂ ಹೇಳಲಿಲ್ಲ. ಅದು ನಮ್ಮ ಸಿಟ್ಟು.

ಊಟದ ಅಲರ್ಜಿ ಎಂದರೆ ಆಹಾರದಲ್ಲಿರುವ ಯಾವುದೋ ಪ್ರೋಟೀನ್‌ಗೆ ಮೈ ತಿರುಗಿ ಬೀಳುವುದು. 2016ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಇಂಥ 297 ನಾಯಿಗಳ ದಾಖಲೆ ನೋಡಿತು. ದನದ ಮಾಂಸಕ್ಕೆ ಶೇ 34, ಹಾಲಿನ ಪದಾರ್ಥಕ್ಕೆ ಶೇ 17, ಕೋಳಿಗೆ ಶೇ 15, ಗೋಧಿಗೆ ಶೇ 13 ನಾಯಿಗಳು ಅಲರ್ಜಿ ತೋರಿದ್ದವು. ನಾವು ಪ್ರೀತಿಯಿಂದ ಹಾಕುವ ಹಾಲು, ಬ್ರೆಡ್ಡು, ಬಿಸ್ಕತ್ತು, ಚಿಕನ್ ಚೂರು ಎಲ್ಲವೂ ಆ ಪಟ್ಟಿಯಲ್ಲಿವೆ.

ಯಾವುದಕ್ಕೆ ಅಲರ್ಜಿ ಎಂದು ಹೇಳುವ ನಂಬಿಗಸ್ತ ರಕ್ತಪರೀಕ್ಷೆ ಇಲ್ಲ. ಇರುವುದು ಪಥ್ಯ. ನಾಯಿ ಅದುವರೆಗೆ ತಿಂದಿರದ ಒಂದು ಮಾಂಸ, ಒಂದು ಧಾನ್ಯ ಆರಿಸಿಕೊಂಡು ಎಂಟು ವಾರ ಅಷ್ಟನ್ನೇ ಹಾಕಬೇಕು. ಅಲರ್ಜಿಯಿರುವ ನಾಯಿಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳಿಗೆ ಅಷ್ಟರಲ್ಲಿ ತುರಿಕೆ ಇಳಿಯುತ್ತದೆ. ಆಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಮರಳಿ ಹಾಕಿ, ಯಾವುದಕ್ಕೆ ತುರಿಕೆ ಮರಳುತ್ತದೆ ನೋಡಬೇಕು. ಕಳ್ಳ ಸಿಕ್ಕಿಬೀಳುವುದು ಹೀಗೆ.

ವೈದ್ಯರನ್ನು ಮತ್ತೆ ಕೇಳಿ ನಾವು ಆರಿಸಿದ್ದು ಮೀನು ಮತ್ತು ನವಣೆ. ಬೇಯಿಸಿ, ಮುಳ್ಳು ತೆಗೆದು, ಉಪ್ಪು ಖಾರವಿಲ್ಲದೆ. ಕಷ್ಟವಾದದ್ದು ಅಡುಗೆಯಲ್ಲ, ಕಾವಲು. ಮೂರನೇ ವಾರ ಅಜ್ಜಿ ‘ಪಾಪ, ಹಾಲಿಲ್ಲದೆ ಸೊರಗ್ಯಾದ’ ಎಂದು ಒಂದು ಬಟ್ಟಲು ಹಾಲು ಇಟ್ಟರು. ಲೆಕ್ಕ ಮತ್ತೆ ಒಂದರಿಂದ ಶುರು. ಓಣಿಯ ಮಕ್ಕಳಿಗೆ ಬಿಸ್ಕತ್ತು ಹಾಕಬೇಡಿ ಎಂದು ತಿಳಿಸುವುದೇ ಒಂದು ಕೆಲಸವಾಯಿತು.

ಎಂಟು ವಾರ ಮುಗಿದಾಗ ಪಾದದ ಹುಣ್ಣು ಮಾಯ್ದಿತ್ತು. ಹಾಲು ಹಾಕಿದೆವು, ಏನೂ ಆಗಲಿಲ್ಲ. ಕೋಳಿ ಹಾಕಿದೆವು, ಏನೂ ಆಗಲಿಲ್ಲ. ಬ್ರೆಡ್ಡು ಹಾಕಿದ ನಾಲ್ಕನೇ ದಿನ ಕರಿಯಾ ಮತ್ತೆ ಕಿವಿ ಕೆರೆಯಿತು. ಗೋಧಿ! ದಿನಾ ಜೋಳದ ರೊಟ್ಟಿ ತಟ್ಟುವ ಮನೆಯಲ್ಲಿ, ನಾಯಿಗೆಂದು ಬೇಕರಿಯಿಂದ ತರುತ್ತಿದ್ದ ಪ್ರೀತಿಯ ತಿಂಡಿಯೇ ಅದಕ್ಕೆ ಮುಳುವಾಗಿತ್ತು.

ಈಗ ಅದರ ಊಟ ನೆನೆಸಿದ ಜೋಳದ ರೊಟ್ಟಿ, ಬೇಯಿಸಿದ ಮೊಟ್ಟೆ ಅಥವಾ ಕೋಳಿ, ಸ್ವಲ್ಪ ಬೇಳೆ, ಕುಂಬಳಕಾಯಿ. ಒಗ್ಗರಣೆಯ ಬೇಳೆ ಹಾಕುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ಬರೀ ರೊಟ್ಟಿ ಮಾಂಸದಲ್ಲಿ ಸುಣ್ಣದಂಶ ಸಾಲದು. ಅದಕ್ಕೆ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ವೈದ್ಯರು ಹೇಳಿದ ಅಳತೆಯಲ್ಲಿ ಬೆರೆಸುತ್ತೇವೆ.

ಇದು ಕರಿಯಾನ ಪಟ್ಟಿ, ನಿಮ್ಮ ನಾಯಿಯದಲ್ಲ. ನಿಮ್ಮ ನಾಯಿಗೆ ಕೋಳಿಯೇ ಆಗದಿರಬಹುದು. ಮರಿಗಳಿಗೆ, ಬಸುರಿ ನಾಯಿಗೆ ಇಂಥ ಪಥ್ಯವನ್ನು ವೈದ್ಯರನ್ನು ಕೇಳದೆ ಮಾಡಲೇಬೇಡಿ. ಪಟ್ಟಿ ನಾಯಿಯಿಂದ ನಾಯಿಗೆ ಬದಲಾದೀತು, ಹುಡುಕುವ ವಿಧಾನ ಬದಲಾಗದು. ಅದಕ್ಕೆ ಬೇಕಾದದ್ದು ದುಡ್ಡಿಗಿಂತ ಹೆಚ್ಚಾಗಿ ತಾಳ್ಮೆ ಮತ್ತು ಒಂದು ಹಾಳೆ ಮಾಹಿತಿ.

ಆ ಒಂದು ಹಾಳೆ ಕನ್ನಡದಲ್ಲಿ ಯಾಕಿಲ್ಲ? ತಾಲೂಕಿನ ಪಶು ಆಸ್ಪತ್ರೆಗಳಿಗೆ ದನ, ಎಮ್ಮೆ, ಕುರಿಗಳದ್ದೇ ಕೈತುಂಬ ಕೆಲಸ. ಕೂತು ಪಥ್ಯ ವಿವರಿಸಲು ಅವರಿಗೆ ಸಮಯವಿಲ್ಲ ಎನ್ನುವುದು ನಮಗೆ ಗೊತ್ತು. ಹಾಗಾಗಿಯೇ ಹಾಳೆ ಬೇಕು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಪಕ್ಕದ ಬೀದರ್‌ನಲ್ಲಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದು ಮುಧೋಳ ತಳಿಗೆಂದೇ ಕೇಂದ್ರ ನಡೆಸುತ್ತದೆ. ಜೋಳ, ನವಣೆ, ತೊಗರಿ, ಮೊಟ್ಟೆ, ಕೆರೆಮೀನು ಇಟ್ಟುಕೊಂಡು, ತೂಕಕ್ಕೆ ತಕ್ಕ ಅಳತೆ ಬರೆದು, ನಮ್ಮ ಭಾಗದ ನಾಯಿಗಳಿಗೆ ಒಂದು ಪಥ್ಯಪಟ್ಟಿ ಮಾಡಿಕೊಡುವುದು ಅಲ್ಲಿನ ತಜ್ಞರಿಗೆ ದೊಡ್ಡ ಮಾತಲ್ಲ. ಅದನ್ನು ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಲಿ.

ತಪ್ಪು ನಮ್ಮದೂ ಇದೆ. ಬೀದಿನಾಯಿ ಕಚ್ಚಿದರೆ ನಾವು ಸುದ್ದಿ ಮಾಡುತ್ತೇವೆ. ಮೈಯೆಲ್ಲ ಕಜ್ಜಿಯಾಗಿ ಬಸ್ ನಿಲ್ದಾಣದಲ್ಲಿ ತಿರುಗುವ ನಾಯಿಗಳಲ್ಲಿ ಎಷ್ಟಕ್ಕೆ ಒಂದು ಕಾಲದಲ್ಲಿ ಹೆಸರು, ಮನೆ ಇದ್ದವು ಎಂದು ಕೇಳುವುದಿಲ್ಲ. ಕರಿಯಾ ಕೂಡ ಅವುಗಳಲ್ಲಿ ಒಂದಾಗುವುದರಲ್ಲಿತ್ತು. ನಿಮ್ಮ ಓಣಿಯಲ್ಲಿ ಯಾರಾದರೂ ಸುಟ್ಟ ಆಯಿಲ್ ಡಬ್ಬಿ ಹಿಡಿದು ನಾಯಿ ಕಡೆ ಹೊರಟರೆ ಅವರನ್ನು ಬೈಯಬೇಡಿ. ಕೂಡಿಸಿ, ಎಂಟು ವಾರದ ಈ ಲೆಕ್ಕ ಹೇಳಿ.