‘ಅಂತರಾಗ್ನಿ’: ತರಗತಿಯ ಹೊರಗುಳಿದ ಒಂದು ಶರೀಫ ವ್ಯಾಖ್ಯಾನ

ತತ್ವಪದಗಳನ್ನು ಬೋಧಿಸುವ ತರಗತಿಯಲ್ಲಿ ಶಿಶುನಾಳ ಶರೀಫರು (1819–1889) ಬಹುಮಟ್ಟಿಗೆ ಅಚ್ಚಿನ ಹಾಳೆಯ ಕವಿ. ಗೋವಿಂದ ಭಟ್ಟರ ಶಿಷ್ಯತ್ವ, ಮತಸಾಮರಸ್ಯ, ಬೆಡಗಿನ ಅರ್ಥವಿವರಣೆ. ಉತ್ತರಪತ್ರಿಕೆ ಅಲ್ಲಿಗೆ ತುಂಬುತ್ತದೆ. ಹಾಡಿದಾಗಲೇ ಪೂರ್ಣಗೊಳ್ಳುವ ಕಾವ್ಯವನ್ನು ಹಾಡದೆ ಓದುವ ಈ ಕ್ರಮದಲ್ಲಿ, ಆ ಪದಗಳನ್ನು ಯಾರು, ಹೇಗೆ ಹಾಡಿದರೆಂಬ ಪ್ರಶ್ನೆಗೆ ಎಡೆಯಿಲ್ಲ. 2008ರಲ್ಲಿ ಹೊರಬಂದ ರಘು ದೀಕ್ಷಿತ್ ಅವರ ‘ಅಂತರಾಗ್ನಿ’ ಎಂಬ ಆಲ್ಬಮ್ಮಿಗೆ ಸಾಹಿತ್ಯಚರ್ಚೆಯಲ್ಲಿ ಸಲ್ಲಬೇಕಾದ ಸ್ಥಾನ ಸಲ್ಲದಿರುವುದಕ್ಕೆ ಇದೂ ಒಂದು ಕಾರಣ. ಅದಕ್ಕೆ ಜನಪ್ರಿಯತೆಯ ಕೊರತೆಯೇನೂ ಇರಲಿಲ್ಲ. 2010ರಲ್ಲಿ ಈ ತಂಡ ಬಿಬಿಸಿಯ ವೇದಿಕೆಯಲ್ಲಿ ಹಾಡಿತು. ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಪಡೆಯಿತು. ಲಂಡನ್ನಿನವರು ಕಿವಿಗೊಟ್ಟ ಶರೀಫರ ಪದ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಮಾತ್ರ ಕಾಲೇಜು ಹಬ್ಬದ ಗದ್ದಲವಾಗಿ ಉಳಿದದ್ದು ವಿಚಿತ್ರ.

ಆಕ್ಷೇಪ ಮುಖ್ಯವಾಗಿ ಬೆರಕೆಯದು. ಈ ಆಲ್ಬಮ್ಮಿನಲ್ಲಿ ಹಿಂದಿ ಹಾಡುಗಳಿವೆ, ಇಂಗ್ಲಿಷೂ ಇದೆ. ಅವುಗಳ ನಡುವೆ ಶರೀಫರ ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’ ಕುಳಿತಿವೆ. ಗಿಟಾರು, ಡ್ರಮ್ಸು, ಪಿಟೀಲು, ಜಾನಪದದ ಲಯ, ರಾಕ್ ಸಂಗೀತದ ಅಬ್ಬರ ಎಲ್ಲವೂ ಒಂದೇ ಚಪ್ಪರದಡಿ ಸೇರಿವೆ. ಹೀಗೆ ಬೆರೆಸಿದವರಿಗೆ ತಮ್ಮದೆಂಬ ದನಿ ಇರಲಾರದೆಂಬ ಅನುಮಾನ ಕನ್ನಡದ ವಿಮರ್ಶೆಗೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನ ಪಂಕ್ ತಂಡ ‘ದಿ ಕ್ಲ್ಯಾಶ್’ 1980ರ ಡಿಸೆಂಬರಿನಲ್ಲಿ ‘ಸ್ಯಾಂಡಿನಿಸ್ಟಾ!’ ಎಂಬ ಮೂರು ತಟ್ಟೆಗಳ, 36 ಹಾಡುಗಳ ಆಲ್ಬಮ್ ತಂದಾಗಲೂ ಇದೇ ನಡೆಯಿತು. ಮೂರು ಸ್ವರಮೇಳ ಬಲ್ಲವನೂ ವೇದಿಕೆ ಏರಬಹುದೆಂಬುದು ಪಂಕ್ ಸಂಗೀತದ ಹಟ. ಅಂಥ ತಂಡವೊಂದು ಜಮೈಕಾದ ರೆಗ್ಗೆ, ನ್ಯೂಯಾರ್ಕಿನ ರ‍್ಯಾಪ್, ಚರ್ಚಿನ ಭಕ್ತಿಗೀತೆ, ಜಾಜ್ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಾಗ, ಚೆಲ್ಲಾಪಿಲ್ಲಿಯಾಯಿತೆಂದು ಹಲವು ವಿಮರ್ಶಕರು ಮೂಗು ಮುರಿದರು. ಪಂಕ್‌ನವರ ಮೂರು ಸ್ವರಮೇಳ ಅತಿ ಸರಳವೆನ್ನುವವರು ನಮ್ಮ ತತ್ವಪದಕಾರರು ಒಂದೇ ತಂತಿಯ ಏಕತಾರಿಯಲ್ಲಿ ಊರೂರು ಸುತ್ತಿದ್ದನ್ನೂ ನೆನೆಯಬಹುದು.

ಶರೀಫರ ಆ ಎರಡನೆಯ ಪದದ ಹೆಸರನ್ನೇ ನೋಡಬೇಕು. ಅಲ್ಲಿ ‘ಮನೆ’ ಇಲ್ಲ, ‘ಮನಿ’ ಇದೆ. ‘ಮಾಳಿಗೆ’ ಇಲ್ಲ, ‘ಮಾಳಿಗಿ’ ಇದೆ. ಇದು ಅಕ್ಕಲಕೋಟೆ ತಾಲ್ಲೂಕಿನ ನಾಗಣಸೂರು, ಮೈಂದರ್ಗಿ, ದುಧನಿಯ ಮನೆಮನೆಗಳ ನುಡಿ. ಪ್ರಬಂಧ ಬರೆಯಲು ಕೂತ ವಿದ್ಯಾರ್ಥಿ ಮೊದಲು ಮುಚ್ಚಿಡುವ ನುಡಿ. ಮೈಸೂರಿನಲ್ಲಿ ಬೆಳೆದ ಗಾಯಕ ಆ ಇಕಾರವನ್ನು ಗ್ರಾಂಥಿಕಕ್ಕೆ ತಿದ್ದದೆ, ಗಿಟಾರಿನ ಜೊತೆಯಲ್ಲಿಯೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಪದದ ಅರ್ಥವೂ ಗಡಿಯ ವಿದ್ಯಾರ್ಥಿಗೇ ಹತ್ತಿರ. ಹೆಂಚಿನ ಮನೆಗಳ ಸೀಮೆಯವರಿಗೆ ಮಾಳಿಗೆ ಎಂದರೆ ಮೇಲಂತಸ್ತು. ಬಯಲುಸೀಮೆಯಲ್ಲಿ ಅದು ತೊಲೆಗಳ ಮೇಲೆ ಮಣ್ಣು ಹರಡಿ ತುಳಿದು ಗಟ್ಟಿಮಾಡಿದ ಚಪ್ಪಟೆ ಮೇಲ್ಛಾವಣಿ. ಮರಾಠಿಯ ‘ಮಾಳವದ’ವೂ ಅದೇ. ಮಳೆಗಾಲಕ್ಕೆ ಮುಂಚೆ ಮೇಲೇರಿ ಮಣ್ಣು ಸರಿಪಡಿಸದಿದ್ದರೆ ಸೋರುವುದು ಖಚಿತ. ಏರಬೇಕಾದವರು ಏರದಿರುವುದು, ಕತ್ತಲಲ್ಲಿ ಏರಲು ಅಂಜುವುದು, ಅಷ್ಟರಲ್ಲಿ ಅಜ್ಞಾನದ ಹನಿ ಒಳಗೆ ತೊಟ್ಟಿಕ್ಕುವುದು: ಶರೀಫರ ರೂಪಕ ನಿಂತಿರುವುದು ಈ ವಾಸ್ತುವಿನ ಮೇಲೆ. ಪದಕೋಶ ತೆರೆಯದೆ ಇದನ್ನು ಕಾಣಬಲ್ಲವರು ಅಕ್ಕಲಕೋಟೆಯ ಹಳ್ಳಿಗಳಿಂದ ಬಂದವರೇ. ಆದರೂ ತಮ್ಮ ಕನ್ನಡ ಅಶುದ್ಧವೆಂದು ಹಿಂಜರಿಯುವವರೂ ಅವರೇ.

‘ಗುಡುಗುಡಿ’ಯ ಹಾಡಿನ ಬಗೆ ಬೇರೆ. ಬುರುಡಿಯೇ ಶರೀರ, ಸಂಚಿಯೇ ಮನಸ್ಸು, ಕೊಚ್ಚಬೇಕಾದ ಬಂಗಿಯೇ ಮೋಹ ಎಂಬ ಲೆಕ್ಕಾಚಾರದ ಪದವದು. ಓದಿಗೆ ಕೂತವರು ಸಂಕೇತಗಳ ಪಟ್ಟಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ಪದದೊಳಗಿನ ಲೇವಡಿ ಅವರ ಕೈಗೆ ಸಿಗುವುದಿಲ್ಲ. ಚಟದ ವಸ್ತುವನ್ನೇ ಮುಂದಿಟ್ಟು ಚಟ ಬಿಡಿಸುವ ತುಂಟತನ ರಘು ದೀಕ್ಷಿತ್ ಅವರ ಚುರುಕಾದ, ಕುಣಿಸುವ ಲಯದಲ್ಲಿ ತಾನಾಗಿ ಮೇಲೆ ಬರುತ್ತದೆ. 1990ರಲ್ಲಿ ತೆರೆಕಂಡ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕವೂ ತಮ್ಮ ಗಾಯನದ ಮೂಲಕವೂ ಸಿ. ಅಶ್ವಥ್ ಶರೀಫರಿಗೊಂದು ಗಂಭೀರ ಮುಖ ಕೊಟ್ಟರು. ಅದು ದೊಡ್ಡ ಕೆಲಸ, ನಿಜ. ಆದರೆ ಆ ಮುಖವೊಂದೇ ಶರೀಫರದೆಂದು ನಂಬಿ ಕೂತವರಿಗೆ ಈ ಎರಡನೆಯ ದನಿ ಅಗತ್ಯವಾಗಿತ್ತು.

ಬೆರಕೆಯನ್ನು ಕೊರತೆಯೆಂದು ಬಗೆಯುವುದು ಸೊಲ್ಲಾಪುರದಲ್ಲಂತೂ ಸಲ್ಲದು. ಹನ್ನೆರಡನೆಯ ಶತಮಾನದ ಕನ್ನಡ ವಚನಕಾರ ಸಿದ್ಧರಾಮನ ಊರು ಇದು. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲಿನ ಹಿಂದೆ ನಡೆವ ಜನಸಾಗರದಲ್ಲಿ ಕನ್ನಡ ಯಾವುದು, ಮರಾಠಿ ಯಾವುದು ಎಂದು ಯಾರೂ ಎಣಿಸುವುದಿಲ್ಲ. ಈ ಊರಿನಲ್ಲೇ ಹುಟ್ಟಿದ ಜಯದೇವಿತಾಯಿ ಲಿಗಾಡೆ ಎರಡೂ ಭಾಷೆಗಳಲ್ಲಿ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಮೊದಲ ಮಹಿಳೆ ಅವರು. ಅಂದಹಾಗೆ, ರಘು ದೀಕ್ಷಿತ್ ಹುಟ್ಟಿದ್ದೂ ಮಹಾರಾಷ್ಟ್ರದ ನಾಶಿಕದಲ್ಲಿ.

ಆಲ್ಬಮ್ಮಿನಲ್ಲಿ ದೋಷಗಳಿಲ್ಲವೆಂದಲ್ಲ. ಹಿಂದಿಯ ಪ್ರೇಮಗೀತೆಗಳ ಸಾಹಿತ್ಯ ಶರೀಫರ ಪಕ್ಕದಲ್ಲಿ ತೆಳುವಾಗಿ ಕಾಣುತ್ತದೆ. ಕೆಲವೆಡೆ ವಾದ್ಯಗಳ ಭರಾಟೆ ಪದದ ಕಿವಿ ಮುಚ್ಚುತ್ತದೆ. ಪಲ್ಲವಿಯ ಪುನರಾವೃತ್ತಿಯಲ್ಲಿ ಚರಣಗಳ ಸೂಕ್ಷ್ಮ ಹಿಂದೆ ಸರಿಯುತ್ತದೆ. ಇವನ್ನು ಗುರುತಿಸುವುದಕ್ಕೂ ಪದವನ್ನು ಕೇಳಿಯೇ ತೀರಬೇಕಷ್ಟೆ. ಹಳ್ಳಿಯ ಭಜನಾ ಮೇಳದ ಹಾಡಿಕೆ, ಅಶ್ವಥ್ ಅವರ ಧಾಟಿ, ‘ಅಂತರಾಗ್ನಿ’ಯ ಧಾಟಿ, ಈ ಮೂರರಲ್ಲಿ ಒಂದೇ ‘ಮಾಳಿಗಿ’ ಎಲ್ಲೆಲ್ಲಿ ಸೋರುತ್ತದೆಂದು ಹೋಲಿಸಿ ನೋಡುವ ಸೆಮಿನಾರ್ ಪ್ರಬಂಧಕ್ಕೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಗ್ರಂಥಾಲಯಕ್ಕಿಂತ ಮೊದಲು ತಮ್ಮೂರಿನ ಭಜನೆ ಕಟ್ಟೆಗೆ ಹೋಗಬೇಕಾದೀತು.