ಆನೆಯ ಪ್ರದರ್ಶನ ನಗರದಲ್ಲಿ, ಆನೆಯ ಸಂಕಟ ಕುಂದೂರಿನಲ್ಲಿ

ಹಾಸನ ಜಿಲ್ಲೆಯ ಆಲೂರು ತಾಲೂಕಿನ ಕುಂದೂರು ಹೋಬಳಿ ಹಾಗೂ ನೆರೆಯ ಸಕಲೇಶಪುರದ ಹಳ್ಳಿಗಳಲ್ಲಿ ಕಾಡಾನೆಗಳ ಹಾವಳಿ ಇಂದು ನಿನ್ನೆಯದಲ್ಲ. ಭತ್ತದ ಗದ್ದೆ, ಬಾಳೆ, ಕಾಫಿ ಗಿಡಗಳು ರಾತ್ರಿ ಬೆಳಗಾಗುವುದರೊಳಗೆ ನಾಶವಾಗುತ್ತವೆ. ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಟವರು ಪ್ರಾಣ ಕಳೆದುಕೊಂಡದ್ದೂ ಇದೆ. ಕರಾವಳಿಯಿಂದ ಘಟ್ಟ ಹತ್ತಿ ಕಾಫಿ ತೋಟಗಳಲ್ಲಿ ದುಡಿದ ಕುಟುಂಬಗಳು ನಮ್ಮಲ್ಲಿ ಅನೇಕ. ಆದ್ದರಿಂದ ಇದು ನಮಗೆ ಸಂಬಂಧವಿಲ್ಲದ ಸುದ್ದಿಯಲ್ಲ.

ವಿದ್ವಾಂಸರು ಈ ಸಮಸ್ಯೆಯನ್ನು ಕಡೆಗಣಿಸಿದ್ದಾರೆ ಎನ್ನುವಂತಿಲ್ಲ. ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ಆನೆ ಕಾರ್ಯಪಡೆಯು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ 2012ರಲ್ಲಿ ವರದಿ ಸಲ್ಲಿಸಿತು. ಸಂರಕ್ಷಣೆ, ಸಹಬಾಳ್ವೆ, ತೆರವು ಎಂಬ ಮೂರು ವಲಯಗಳನ್ನು ಅದು ಸೂಚಿಸಿತು. ಆಲೂರು ಭಾಗದಿಂದ ಆನೆಗಳನ್ನು ತೆರವುಗೊಳಿಸಬೇಕೆಂಬ ಸಲಹೆಯಂತೆ 2014ರ ಸುಮಾರಿಗೆ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೆ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಕಾರ್ಯಾಚರಣೆಯ ವೇಳೆ ಅರ್ಜುನ ಮೃತಪಟ್ಟ. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರಾದಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಅದು. ನಾಡಹಬ್ಬದ ಆನೆ ಸತ್ತಾಗ ನಾಡೇ ಮರುಗಿತು. ಅದೇ ಬೆಟ್ಟಗಳಲ್ಲಿ ಸತ್ತ ಕೂಲಿಕಾರರ ಹೆಸರು ಎಷ್ಟು ಮಂದಿಗೆ ನೆನಪಿದೆ?

ಎರಡು ತಿಂಗಳ ನಂತರ, 2024ರ ಫೆಬ್ರವರಿಯಲ್ಲಿ, ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಲಂಟಾನದಿಂದ ಹೆಣೆದ ಜೀವಗಾತ್ರದ ಆನೆಗಳ ಪ್ರದರ್ಶನ ನಡೆಯಿತು. ಸಂರಕ್ಷಣಾ ಸಂಶೋಧಕರು ಮತ್ತು ಬುಡಕಟ್ಟು ಕುಶಲಕರ್ಮಿಗಳು ಕೈಜೋಡಿಸಿ ರೂಪಿಸಿದ ಕೆಲಸವಿದು. ಲಂಟಾನ ಅಲಂಕಾರದ ಗಿಡವಾಗಿ ಹೊರದೇಶದಿಂದ ಬಂದು, ಕಾಡಿನಲ್ಲಿ ಹಬ್ಬಿ, ಆನೆಗಳಿಗೆ ಬೇಕಾದ ಹುಲ್ಲನ್ನು ಬೆಳೆಯಗೊಡದ ಕಳೆ. ಆ ಕಳೆಯೇ ಕೈಗಳಿಗೆ ಕೂಲಿಯಾಯಿತು, ನೋಡುಗರಿಗೆ ಪಾಠವಾಯಿತು. ಇಂಥ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿಯೂ ಜನರನ್ನು ಸೆಳೆದಿದ್ದವು.

ವರದಿಯನ್ನು ಓದದವರೂ ಪ್ರದರ್ಶನವನ್ನು ನೋಡುತ್ತಾರೆ. ಸಂಶೋಧನೆ ಮತ್ತು ಕಲೆ ಒಂದಾದಾಗ ಆಗುವ ದೊಡ್ಡ ಲಾಭ ಇದು. ಆದರೆ ಸಹಬಾಳ್ವೆ ಎಂಬ ಮಾತು ಗದ್ದೆ ಕಳೆದುಕೊಳ್ಳದವನ ಬಾಯಲ್ಲಿ ಸುಲಭ. ಅದರ ಬೆಲೆ ತೆರುತ್ತಿರುವವರು ಕುಂದೂರಿನ ರೈತರು ಮತ್ತು ತೋಟದ ಕೂಲಿಕಾರರು. ಅವರು ಕಲಾಕೃತಿಯ ವಿಷಯವಾದರೆ ಸಾಲದು, ಅದನ್ನು ರೂಪಿಸುವವರಾಗಬೇಕು.

ಹೀಗಾಗಿ ಇಂಥ ಉತ್ಸವಗಳು ಹಾಸನದ ಬೆಟ್ಟಗಳಿಗೂ ಬರಲಿ. ಆನೆಗಳ ಚಲನವಲನ ತಿಳಿಸುವ ಮೊಬೈಲ್ ಸಂದೇಶ, ಸೂಚನಾ ಫಲಕಗಳ ಬಳಕೆಯನ್ನು ಬೀದಿ ನಾಟಕ, ಶಾಲಾ ಕಾರ್ಯಕ್ರಮಗಳ ಮೂಲಕ ಓದು ಬಾರದವರಿಗೂ ತಲುಪಿಸಬಹುದು. ಬೆಳೆ ಪರಿಹಾರ ತಡವಾದ ರೈತ ಅದೇ ವೇದಿಕೆಯಲ್ಲಿ ಸಂಶೋಧಕರ, ಅಧಿಕಾರಿಗಳ ಎದುರು ಮಾತನಾಡಲಿ. ಆ ಬೆಟ್ಟಗಳ ಶಾಲೆಗಳಲ್ಲಿ, ಸಂಘಗಳಲ್ಲಿ ಸೇವೆ ಸಲ್ಲಿಸುವವರು ಇದಕ್ಕೆ ಜಾಗ ಮಾಡಿಕೊಡಲು ಸಾಧ್ಯ. ನಗರದ ಜನ ಆನೆಯನ್ನು ನೋಡಿ ಮೆಚ್ಚಿದ್ದಾರೆ. ಇನ್ನು ಆನೆಯ ದಾರಿಯಲ್ಲಿ ಬದುಕುವವರ ಮಾತನ್ನು ಕೇಳಬೇಕಾಗಿದೆ.